ಮುನ್ಸೂಚನೆ ನಿಜವಾಯಿತು, ಪ್ರಯೋಜನ ಯಾರಿಗಾಯಿತು? ಹವಾಮಾನ ಮುನ್ಸೂಚನೆಯ ಲಾಭವನ್ನು ಊರಮಟ್ಟದಲ್ಲಿ ಅಳೆಯುವ ಬಗೆ

ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಬ್ಬ ಅಡಕೆ ಕೃಷಿಕರ ಜಗಲಿಯಲ್ಲಿ ಕೂತು ಕೇಳಿದ್ದೆ: "ಈ ಸಲ ಮಳೆಯ ಮುನ್ಸೂಚನೆ ಸರಿ ಇತ್ತಾ?"

"ಸರಿಯೇ ಇತ್ತು. ನಾಲ್ಕು ದಿನ ಮಳೆ ಬಿಡ್ತದೆ ಅಂತ ಹೇಳಿದ್ರು, ನಾಲ್ಕು ದಿನವೂ ಬಿಸಿಲು ಬಂತು. ಆದ್ರೆ ಮದ್ದು ಬಿಡ್ಲಿಕ್ಕೆ ಜನ ಸಿಕ್ಕಬೇಕಲ್ಲ ಮಾರಾಯ್ರೇ?"

ಕೊಳೆರೋಗ ಬಾರದ ಹಾಗೆ ಮರಗಳಿಗೆ ಮದ್ದು ಸಿಂಪಡಿಸುವವರು ಅವರ ತೋಟಕ್ಕೆ ಬಂದದ್ದು ಐದನೆಯ ದಿನ. ಅಷ್ಟರಲ್ಲಿ ಮಳೆ ಮತ್ತೆ ಹಿಡಿದಿತ್ತು. ಆಮೇಲೆ ಕೊಳೆರೋಗ ಬಂದು ಮರದಡಿಯಲ್ಲಿ ಎಳೆ ಅಡಕೆ ಉದುರಿ ಬಿದ್ದಿತ್ತು. ಹವಾಮಾನ ಶಾಸ್ತ್ರದ ಲೆಕ್ಕದಲ್ಲಿ ಆ ಮುನ್ಸೂಚನೆಗೆ ನೂರಕ್ಕೆ ನೂರು ಅಂಕ. ಆ ತೋಟದ ಲೆಕ್ಕದಲ್ಲಿ ಸೊನ್ನೆ. ಈ ಎರಡರ ನಡುವೆ ಏನಾಯಿತು ಎಂದು ಹುಡುಕುವುದು ಸಮಾಜ ವಿಜ್ಞಾನದ ಕೆಲಸ. ಅದನ್ನು ಮಾಡಲು ಉಪಗ್ರಹ ಬೇಡ, ಸೂಪರ್ ಕಂಪ್ಯೂಟರ್ ಬೇಡ. ಪುಸ್ತಕ, ಪೆನ್ನು, ತಾಳ್ಮೆ ಮತ್ತು ಎದುರಿನವರ ಭಾಷೆ ಬೇಕು. ಕಾಸರಗೋಡಿನ ಕಾಲೇಜು ವಿದ್ಯಾರ್ಥಿಗಳು, ಸಹಕಾರಿ ಸಂಘದವರು, ಗ್ರಂಥಾಲಯದ ಗೆಳೆಯರ ಬಳಗ ಯಾರು ಬೇಕಾದರೂ ಒಂದು ಮಳೆಗಾಲದಲ್ಲಿ ಮಾಡಬಹುದಾದ ಅಧ್ಯಯನದ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು, "ಎಷ್ಟು ಸಲ ಸರಿಯಾಯಿತು" ಎಂಬ ಮೋಹ ಬಿಡಿ

1884ರಲ್ಲಿ ಅಮೆರಿಕದಲ್ಲಿ ಜಾನ್ ಫಿನ್ಲಿ ಎಂಬವರು ಸುಂಟರಗಾಳಿಯ ಮುನ್ಸೂಚನೆ ಕೊಟ್ಟು, ತಮ್ಮದು ನೂರಕ್ಕೆ 96.6 ಸರಿಯಾಗಿದೆ ಎಂದರು. ಒಟ್ಟು 2,803 ಮುನ್ಸೂಚನೆಗಳಲ್ಲಿ ಸುಂಟರಗಾಳಿ ಬಂದದ್ದು 51 ಸಲ ಮಾತ್ರ. ಅದರಲ್ಲಿ ಅವರು ಮೊದಲೇ ಹೇಳಿದ್ದು 28. ಬರುತ್ತದೆ ಎಂದು ಹೇಳಿ ಬಾರದೆ ಹೋದದ್ದು 72. ಓದಿದವರು ಲೆಕ್ಕ ಹಾಕಿ ತೋರಿಸಿದರು: ದಿನವೂ "ಸುಂಟರಗಾಳಿ ಇಲ್ಲ" ಎಂದು ಕಣ್ಣುಮುಚ್ಚಿ ಹೇಳಿದ್ದರೆ ನೂರಕ್ಕೆ 98.2 ಸರಿಯಾಗುತ್ತಿತ್ತು! ಆದರೆ ಅಂಥ ಮುನ್ಸೂಚನೆಯಿಂದ ಒಂದು ಜೀವವೂ ಉಳಿಯುತ್ತಿರಲಿಲ್ಲ.

ಅಲನ್ ಮರ್ಫಿ ಎಂಬ ವಿಜ್ಞಾನಿ 1993ರಲ್ಲಿ ಒಳ್ಳೆಯ ಮುನ್ಸೂಚನೆ ಎಂದರೇನು ಎಂಬ ಪ್ರಶ್ನೆಯನ್ನು ಮೂರಾಗಿ ಬಿಡಿಸಿದರು. ಹೇಳುವವರು ತಮಗೆ ನಿಜವಾಗಿ ಅನಿಸಿದ್ದನ್ನೇ ಹೇಳಿದರೇ? ಹೇಳಿದ್ದಕ್ಕೂ ಆದದ್ದಕ್ಕೂ ತಾಳೆ ಇತ್ತೇ? ಕೇಳಿದವರ ತೀರ್ಮಾನ ಅದರಿಂದ ಉತ್ತಮವಾಯಿತೇ? ಎರಡನೆಯದನ್ನು ಹವಾಮಾನ ಇಲಾಖೆಯೇ ಅಳೆಯುತ್ತದೆ. ಮೂರನೆಯದಕ್ಕೆ ಮನೆಮನೆಗೆ ಹೋಗಬೇಕು.

ಒಂದನೆಯ ಹೆಜ್ಜೆ: ಒಂದೇ ಒಂದು ತೀರ್ಮಾನ ಆರಿಸಿಕೊಳ್ಳಿ

"ಕಾಸರಗೋಡಿನ ರೈತರಿಗೆ ಮುನ್ಸೂಚನೆಯಿಂದ ಏನು ಲಾಭ?" ಎಂದು ಹೊರಟರೆ ಅಧ್ಯಯನ ಎಲ್ಲಿಗೂ ಮುಟ್ಟುವುದಿಲ್ಲ. ಒಬ್ಬರು, ಒಂದು ಕೆಲಸ, ಒಂದು ದಿನಾಂಕ. ನಮ್ಮಲ್ಲಿ ಮೂರು ಒಳ್ಳೆಯ ಉದಾಹರಣೆಗಳು ಸಿಗುತ್ತವೆ.

ಮೊದಲನೆಯದು ಅಡಕೆಗೆ ಮದ್ದು ಬಿಡುವುದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿದ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಳೆಗಾಲ ಹಿಡಿಯುವ ಮೊದಲು ಒಂದು ಸುತ್ತು, 40–45 ದಿನ ಕಳೆದು ಇನ್ನೊಂದು ಸುತ್ತು ಬಿಡುತ್ತಾರೆ. ಎರಡನೆಯ ಸುತ್ತಿಗೆ ನಡುಮಳೆಗಾಲದಲ್ಲಿ ಬಿಡುವು ಸಿಗಬೇಕು. ಮುನ್ಸೂಚನೆಯ ಬೆಲೆ ಗೊತ್ತಾಗುವುದು ಇಲ್ಲಿಯೇ. ಎರಡನೆಯದು ಅಂಗಳದ ಅಡಕೆ: ಚಾಲಿ (ಸಿಪ್ಪೆಸಹಿತ ಒಣಗಿಸುವ ಹಣ್ಣಡಕೆ) ಒಣಗಲು ಮೂವತ್ತೈದು ನಲವತ್ತು ದಿನ ಬಿಸಿಲು ಬೇಕು, ತುಲಾಮಾಸದ ಗುಡುಗುಮಳೆಯೋ ಡಿಸೆಂಬರಿನ ಅಕಾಲ ಮಳೆಯೋ ಒಂದು ರಾತ್ರಿ ಬಂದರೆ ಸಾಕು, ಬಣ್ಣ ಕೆಡುತ್ತದೆ. ಮೂರನೆಯದು ಕಡಲಿಗೆ ಇಳಿಯಬೇಕೋ ಬೇಡವೋ ಎಂಬ ಮೀನುಗಾರರ ತೀರ್ಮಾನ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ ಇರುವುದರಿಂದ, ದೊಡ್ಡ ಬೋಟಿನವರನ್ನೂ ಸಾಂಪ್ರದಾಯಿಕ ದೋಣಿಯವರನ್ನೂ ಒಂದೇ ಪಟ್ಟಿಯಲ್ಲಿ ಹಾಕಬೇಡಿ.

ಎರಡನೆಯ ಹೆಜ್ಜೆ: ಮುನ್ಸೂಚನೆ ಇಲ್ಲದಿದ್ದರೆ ಏನು ಮಾಡುತ್ತಿದ್ದರು?

ಬಹಳ ಮಂದಿ ಹಾರಿಸಿಬಿಡುವ ಹೆಜ್ಜೆ ಇದು. ಇಲಾಖೆ ಹೇಳದಿದ್ದರೆ ನಮ್ಮ ಹಿರಿಯರು ಕಣ್ಣುಕಟ್ಟಿ ಕೂರುತ್ತಿರಲಿಲ್ಲ. ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಯ ದಿನಕ್ಕೆ ಹತ್ತು ಹನಿಯಾದರೂ ಬೀಳಬೇಕು ಎಂಬ ಮಾತಿದೆ. ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ನಕ್ಷತ್ರ ಲೆಕ್ಕದಲ್ಲಿ ಮಳೆಯ ಸ್ವಭಾವ ಹೇಳುವವರಿದ್ದಾರೆ. ಮನೆಯಲ್ಲೇ ಮಳೆಮಾಪಕ ಇಟ್ಟು ವರ್ಷಗಟ್ಟಲೆ ಬರೆದಿಟ್ಟ ಕೃಷಿಕರೂ ಇದ್ದಾರೆ. ಅಂಥ ಪುಸ್ತಕ ಸಿಕ್ಕಿದರೆ ಕಣ್ಣಿಗೊತ್ತಿಕೊಳ್ಳಿ, ಅದು ನಿಮ್ಮ ಅಧ್ಯಯನದ ಅರ್ಧ ಬಲ. ಮುನ್ಸೂಚನೆಯ ಲಾಭ ಎಂದರೆ ಈ ಅನುಭವದ ಮೇಲೆ ಅದು ಸೇರಿಸಿದ ಹೆಚ್ಚುವರಿ ಮಾತ್ರ. ಜುಲೈಯಲ್ಲಿ "ನಾಳೆ ಮಳೆ ಬರುತ್ತದೆ" ಎಂದರೆ ಇಲ್ಲಿ ಯಾರಿಗೂ ಹೊಸ ಸುದ್ದಿಯಾಗುವುದಿಲ್ಲ. "ನಾಡಿದ್ದಿನಿಂದ ಮೂರು ದಿನ ಬಿಡುವು" ಎಂದರೆ ಅದು ಸುದ್ದಿ.

ಮೂರನೆಯ ಹೆಜ್ಜೆ: ಸರಪಳಿಯ ಎಲ್ಲ ಕೊಂಡಿಗಳನ್ನೂ ಬರೆಯಿರಿ

ದೊಡ್ಡ ಕಾಗದ ತೆಗೆದುಕೊಂಡು ಎಡಗಡೆ "ಮುನ್ಸೂಚನೆ ಹೊರಟಿತು" ಎಂದೂ ಬಲಗಡೆ "ಅಡಕೆ ಉಳಿಯಿತು" ಎಂದೂ ಬರೆದುಕೊಳ್ಳಿ. ನಡುವೆ ತಲುಪಿತು, ಅರ್ಥವಾಯಿತು, ತನಗೆ ಸಂಬಂಧಿಸಿದ್ದು ಅನಿಸಿತು, ನಂಬಿಕೆ ಬಂತು, ಮಾಡಲು ಸಾಧ್ಯವಾಯಿತು, ಮಾಡಿದರು. ಪ್ರತಿಯೊಂದು ಕೊಂಡಿಯಲ್ಲೂ ಜನ ಕಳಚಿಕೊಳ್ಳುತ್ತಾರೆ. ನೂರರಲ್ಲಿ ಎಂಬತ್ತು ಮಂದಿಯಂತೆ ಪ್ರತಿ ಕೊಂಡಿಯನ್ನೂ ದಾಟಿದರೂ ಈ ಆರು ಕೊಂಡಿ ಕಳೆಯುವಾಗ ಉಳಿಯುವವರು ಇಪ್ಪತ್ತಾರು. ಕೊಂಡಿಗೊಂದು ಪ್ರಶ್ನೆ ಕೇಳದೆ ಕೊನೆಯದನ್ನು ಮಾತ್ರ ಅಳೆದರೆ, ಎಲ್ಲಿ ಸರಿಪಡಿಸಬೇಕು ಎಂದು ಗೊತ್ತೇ ಆಗುವುದಿಲ್ಲ.

ಗಡಿನಾಡಿನಲ್ಲಿ ಮೊದಲ ಮೂರು ಕೊಂಡಿಗಳೇ ಸಡಿಲ. ನಮ್ಮ ಜಿಲ್ಲೆಯ ಮುನ್ಸೂಚನೆ ಹೊರಡುವುದು ತಿರುವನಂತಪುರದ ಹವಾಮಾನ ಕೇಂದ್ರದಿಂದ, ಗಡಿಯ ತಲಪಾಡಿ ದಾಟಿದರೆ ದಕ್ಷಿಣ ಕನ್ನಡದ್ದು ಬೆಂಗಳೂರು ಕೇಂದ್ರದಿಂದ. ಮಂಜೇಶ್ವರ, ಪೈವಳಿಕೆ, ಎಣ್ಮಕಜೆ ಕಡೆಯ ಮನೆಗಳಲ್ಲಿ ಕಿವಿ ಇರುವುದು ಮಂಗಳೂರು ಆಕಾಶವಾಣಿಯ ಕಡೆಗೆ, ಓದುವುದು ಮಂಗಳೂರಿನಿಂದ ಬರುವ ಕನ್ನಡ ಪತ್ರಿಕೆ. ದಕ್ಷಿಣ ಕನ್ನಡಕ್ಕೆ ರೆಡ್ ಅಲರ್ಟ್, ಕಾಸರಗೋಡಿಗೆ ಆರೆಂಜ್ ಎಂದಿದ್ದರೆ ಇವರ ಮನಸ್ಸಿನಲ್ಲಿ ಕೂರುವುದು ರೆಡ್. ಶಾಲೆಗೆ ರಜೆ ಘೋಷಿಸುವ ಜಿಲ್ಲಾಧಿಕಾರಿ ಬೇರೆ, ಮನೆಯಲ್ಲಿ ಕೇಳಿಸಿದ ಸುದ್ದಿಯ ಜಿಲ್ಲೆ ಬೇರೆ. ಫೋನಿಗೆ ಬರುವ ಎಚ್ಚರಿಕೆ ಮಲಯಾಳದಲ್ಲಿದ್ದರೆ, ಆ ಲಿಪಿ ಓದಲು ಬಾರದ ಅಜ್ಜಿ ಅದನ್ನು ಮೊಮ್ಮಗ ಶಾಲೆಯಿಂದ ಬಂದ ಮೇಲೆ ಓದಿಸುತ್ತಾರೆ. ಆಗ ಸಂಜೆ ಆಗಿರುತ್ತದೆ. ಆದ್ದರಿಂದ ಪ್ರಶ್ನಾವಳಿಯಲ್ಲಿ "ಮುನ್ಸೂಚನೆ ಸಿಕ್ಕಿತೇ?" ಎಂಬುದು ಸಾಲದು. ಯಾವ ಜಿಲ್ಲೆಯದು, ಯಾವ ಭಾಷೆಯಲ್ಲಿ, ಯಾರ ಬಾಯಿಯಿಂದ, ಎಷ್ಟು ಹೊತ್ತಿಗೆ ಎಂಬ ನಾಲ್ಕನ್ನೂ ಕೇಳಿ. ನನ್ನ ಮಟ್ಟಿಗೆ ಈ ಜಿಲ್ಲೆಯಲ್ಲಿ ಮಾಡುವ ಯಾವುದೇ ಅಧ್ಯಯನದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ.

ಅರ್ಥವಾಗುವ ಕೊಂಡಿಯನ್ನೂ ಪರೀಕ್ಷಿಸಿ. ಇಲಾಖೆಯ ಭಾಷೆಯಲ್ಲಿ "ಅಲ್ಲಲ್ಲಿ ಮಳೆ", "ಕೆಲವೆಡೆ", "ಹಲವೆಡೆ", "ವ್ಯಾಪಕ" ಎಂಬ ಮಾತುಗಳ ಹಿಂದೆ ಪ್ರದೇಶದ ಎಷ್ಟು ಪಾಲು ಮಾಪನ ಕೇಂದ್ರಗಳಲ್ಲಿ ಮಳೆ ದಾಖಲಾಗಬಹುದು ಎಂಬ ಲೆಕ್ಕವಿದೆ. ಕಾಲುಭಾಗದವರೆಗೆ ಒಂದು ಪದ, ಮುಕ್ಕಾಲಿಗಿಂತ ಮೇಲೆ ಇನ್ನೊಂದು. "ಭಾರೀ ಮಳೆ" ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್, 204.5 ದಾಟಿದರೆ "ಅತ್ಯಂತ ಭಾರೀ". ಇಂಥ ಮಾತು ಜನರಿಗೆ ಹೇಗೆ ಕೇಳಿಸುತ್ತದೆ? 2005ರಲ್ಲಿ ಆಮ್‌ಸ್ಟರ್‌ಡ್ಯಾಮ್, ಅಥೆನ್ಸ್, ಬರ್ಲಿನ್, ಮಿಲಾನ್, ನ್ಯೂಯಾರ್ಕ್ ಈ ಐದು ನಗರಗಳಲ್ಲಿ "ನಾಳೆ ಮಳೆಯ ಸಾಧ್ಯತೆ ಶೇಕಡಾ 30" ಎಂದರೆ ಏನು ಎಂದು ಕೇಳಿದ್ದರು. ನಾಳೆ ಹಗಲಿನ ಶೇಕಡಾ 30 ಹೊತ್ತು ಮಳೆ ಎಂದವರು ಕೆಲವರು, ಊರಿನ ಶೇಕಡಾ 30 ಜಾಗದಲ್ಲಿ ಎಂದವರು ಕೆಲವರು. ಬಹುಮತ ಸರಿ ಅರ್ಥ ಮಾಡಿಕೊಂಡದ್ದು ನ್ಯೂಯಾರ್ಕಿನಲ್ಲಿ ಮಾತ್ರ. ನೀವು ಕೂಡ ನಿಜವಾದ ಒಂದು ಮುನ್ಸೂಚನೆಯನ್ನು ಓದಿ ಹೇಳಿ, "ಇದನ್ನು ಪಕ್ಕದ ಮನೆಯ ಅಕ್ಕನಿಗೆ ನಿಮ್ಮ ಮಾತಿನಲ್ಲಿ ಹೇಳುವುದಾದರೆ ಹೇಗೆ ಹೇಳುತ್ತೀರಿ?" ಎಂದು ಕೇಳಿ. ಉತ್ತರವನ್ನು ತುಳುವಿನಲ್ಲಾಗಲಿ ಬ್ಯಾರಿಯಲ್ಲಾಗಲಿ ಹವ್ಯಕದಲ್ಲಾಗಲಿ ಹೇಳಿದ ಹಾಗೆಯೇ ಬರೆದುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಪ್ರಶ್ನಾವಳಿಗಿಂತ ಮೊದಲು ಮಾತುಕತೆ

ಹತ್ತು ಹದಿನೈದು ಮನೆಗಳಲ್ಲಿ ಬರಿದೆ ಕೂತು ಕೇಳಿ. "ಕಳೆದ ವರ್ಷ ಅಂಗಳದಲ್ಲಿ ಅಡಕೆ ಇದ್ದಾಗ ಮಳೆ ಬಂದ ಒಂದು ದಿನ ಹೇಳಿ. ಬೆಳಿಗ್ಗೆಯಿಂದ ಏನೇನಾಯಿತು?" ಎಂದು ಒಂದು ದಿನವನ್ನು ಹಿಡಿದು ಹೋದರೆ ಒಣ ಅಭಿಪ್ರಾಯದ ಬದಲು ಘಟನೆ ಸಿಗುತ್ತದೆ. ಯಾರು ಸುದ್ದಿ ತಂದರು, ಯಾರು ಟರ್ಪಾಲು ಎಳೆದರು, ಯಾರು ಬೇಡ ಎಂದರು ಎಲ್ಲವೂ ಹೊರಬರುತ್ತದೆ. ಕೆಲವು ಮನೆಗಳಲ್ಲಿ ಮುನ್ಸೂಚನೆಯ ವಾಟ್ಸಾಪ್ ಗಂಡಸರ ಫೋನಿಗೆ ಬರುತ್ತದೆ, ಗಂಡಸರು ಪೇಟೆಯಲ್ಲಿರುತ್ತಾರೆ, ಅಂಗಳದ ಅಡಕೆ ಹೆಂಗಸರ ಕೈಯಲ್ಲಿರುತ್ತದೆ. ಮನೆಯ ಯಜಮಾನರೊಬ್ಬರನ್ನೇ ಮಾತಾಡಿಸಿ ಬಂದರೆ ಇದು ನಿಮಗೆ ಕಾಣುವುದೇ ಇಲ್ಲ. ಹೆಂಗಸರ ಜೊತೆ ಹೆಂಗಸರೇ, ಸಾಧ್ಯವಾದರೆ ಕುಟುಂಬಶ್ರೀ (ಕೇರಳದ ಹೆಂಗಸರ ಸ್ವಸಹಾಯ ಸಂಘ) ಸಭೆ ಮುಗಿದ ಮೇಲೆ, ಮಾತಾಡುವುದು ಒಳ್ಳೆಯದು.

ನಾನು ಮೊದಲು ತಪ್ಪಿದ್ದು ಪ್ರಶ್ನೆಯ ಧಾಟಿಯಲ್ಲಿ. "ಮುನ್ಸೂಚನೆಯಿಂದ ಪ್ರಯೋಜನ ಆಗ್ತದಾ?" ಎಂದು ಕೇಳುತ್ತಿದ್ದೆ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವ ಊರಿನಲ್ಲಿ "ಇಲ್ಲ" ಎಂದು ಯಾರು ಹೇಳುತ್ತಾರೆ? ಎಲ್ಲರೂ "ಹೌದು, ತುಂಬಾ" ಎಂದರು. ಆ ಹಾಳೆಗಳನ್ನು ಬದಿಗಿಟ್ಟು ಮತ್ತೆ ಹೋಗಬೇಕಾಯಿತು. ಎರಡನೆಯ ಸಲ "ಕಳೆದ ವಾರ ಎಷ್ಟು ಸಲ ಕೇಳಿದಿರಿ? ಕೇಳಿ ಏನನ್ನು ಬದಲಿಸಿದಿರಿ? ಕೇಳಿಯೂ ಬದಲಿಸದೆ ಬಿಟ್ಟದ್ದು ಯಾವುದು, ಯಾಕೆ?" ಎಂದು ಕೇಳಿದಾಗ ಬೇರೆಯೇ ಊರು ಕಾಣಿಸಿತು. ಕೊನೆಯ "ಯಾಕೆ"ಯನ್ನು ಎಂದೂ ಬಿಡಬೇಡಿ.

ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ವರದಿಗಾಗಿ 16 ರಾಜ್ಯಗಳ 173 ಜಿಲ್ಲೆಗಳಲ್ಲಿ 3,965 ರೈತರನ್ನು ಮಾತಾಡಿಸಿದ್ದರು. ಶೇಕಡಾ 98 ಮಂದಿ ಕನಿಷ್ಠ ಒಂದು ಕೃಷಿಪದ್ಧತಿಯನ್ನು ಹವಾಮಾನ ಸಲಹೆಯಂತೆ ಬದಲಿಸಿದ್ದಾಗಿ ಹೇಳಿದರು. ದೊಡ್ಡ ಕೆಲಸ, ಗೌರವದಿಂದ ಓದಬೇಕಾದ್ದು. ಆದರೆ "ಬದಲಿಸಿದೆ ಎಂದರು" ಮತ್ತು "ಬದಲಿಸಿದರು" ಎಂಬುದರ ನಡುವಿನ ದೂರವನ್ನು ಅಳೆಯಲು ನಿಮ್ಮಂಥವರ ಸಣ್ಣ, ಹತ್ತಿರದ ಅಧ್ಯಯನವೇ ಬೇಕು.

ಐದನೆಯ ಹೆಜ್ಜೆ: ದಿನಚರಿ ಇಡಿಸಿ

ನೆನಪು ಮೋಸ ಮಾಡುತ್ತದೆ. ತಪ್ಪಿದ ಮುನ್ಸೂಚನೆ ನೆನಪಿರುತ್ತದೆ, ಸರಿಯಾದದ್ದು ಮರೆತುಹೋಗುತ್ತದೆ. ಆದ್ದರಿಂದ ಮಳೆಗಾಲದುದ್ದಕ್ಕೂ ಒಂದು ಸಣ್ಣ ಪುಸ್ತಕ ಕೊಡಿ. ದಿನಕ್ಕೆ ಒಂದು ಸಾಲು: ಏನು ಕೇಳಿದೆವು, ಏನು ಮಾಡಲು ಅಂದಾಜಿಸಿದೆವು, ಏನು ಮಾಡಿದೆವು, ಮಳೆ ಎಷ್ಟು. ಬರೆಯಲು ಆಗದವರಿಗೆ ವಾರಕ್ಕೊಮ್ಮೆ ಫೋನ್ ಮಾಡಿ. ಮಳೆಯನ್ನು ಇಲಾಖೆಯ ಹಾಗೆ ಬೆಳಿಗ್ಗೆ 8.30ಕ್ಕೆ ಅಳೆದರೆ ಹೋಲಿಕೆ ಸುಲಭ. ಹೊಳೆಯ ಈಚೆ ಸುರಿದು ಆಚೆ ಬಿಸಿಲಿರುವ ಊರು ನಮ್ಮದು. ಜಿಲ್ಲೆಗೊಂದು ಅಂಕಿ ಹಿಡಿದು ಬಾಯಾರು ಎಂಬ ಒಂದು ಊರಿನ ತೋಟದ ಲೆಕ್ಕ ಹಾಕಬೇಡಿ.

ಆರನೆಯ ಹೆಜ್ಜೆ: ರೂಪಾಯಿಗೆ ಇಳಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಬನ್ನಿ. ಕೆಳಗಿನ ಅಂಕಿಗಳು ಲೆಕ್ಕ ಕಲಿಯಲಿಕ್ಕಾಗಿ ನಾನು ಊಹಿಸಿಕೊಂಡವು.

ಒಂದು ಮನೆಯಲ್ಲಿ ಅಂಗಳದ ಅಡಕೆಯನ್ನು ಸಂಜೆ ರಾಶಿ ಮಾಡಿ ಟರ್ಪಾಲು ಹೊದೆಸಿ ಬೆಳಿಗ್ಗೆ ಮತ್ತೆ ಹರಡಲು ರಾತ್ರಿಯೊಂದಕ್ಕೆ 400 ರೂಪಾಯಿಯ ಕೆಲಸ. ಹೊದೆಸದೆ ಮಳೆ ಬಂದರೆ 4,000 ರೂಪಾಯಿ ನಷ್ಟ. ಮೂವತ್ತು ರಾತ್ರಿಗಳಲ್ಲಿ ಆರು ರಾತ್ರಿ ಮಳೆ ಬರುವುದು ವಾಡಿಕೆ. ಮುನ್ಸೂಚನೆ ಇಲ್ಲದಿದ್ದರೆ ಈ ಮನೆಯವರು ದಿನಾ ಹೊದೆಸುತ್ತಾರೆ, ಖರ್ಚು 12,000. ಆರು ಸಲ ನಷ್ಟ ಅನುಭವಿಸಿದರೆ 24,000 ಆಗುವುದರಿಂದ ಇದೇ ಜಾಣತನ.

ಈಗ "ಅ" ಎಂಬ ಮುನ್ಸೂಚನೆ ಬಂತು. ಆರರಲ್ಲಿ ಐದನ್ನು ಹಿಡಿಯಿತು, ಒಂದನ್ನು ಹೇಳದೆ ಬಿಟ್ಟಿತು, ನಾಲ್ಕು ಸಲ ಸುಮ್ಮನೆ ಹೆದರಿಸಿತು. ಒಂಬತ್ತು ಸಲ ಹೊದೆಸಿದ್ದು 3,600, ತಪ್ಪಿದ ಒಂದು ರಾತ್ರಿಗೆ 4,000, ಒಟ್ಟು 7,600. ಉಳಿತಾಯ 4,400. "ಆ" ಎಂಬ ಇನ್ನೊಂದು ಮುನ್ಸೂಚನೆ ನಾಲ್ಕನ್ನು ಹಿಡಿಯಿತು, ಎರಡನ್ನು ಹೇಳದೆ ಬಿಟ್ಟಿತು, ಸುಮ್ಮನೆ ಹೆದರಿಸಿದ್ದು ಎರಡೇ ಸಲ. ಖರ್ಚು 2,400 ಮತ್ತು 8,000, ಒಟ್ಟು 10,400. ಉಳಿತಾಯ 1,600 ಮಾತ್ರ. ಮೂವತ್ತು ದಿನಗಳಲ್ಲಿ "ಅ" ಸರಿಯಾದದ್ದು 25 ದಿನ, "ಆ" ಸರಿಯಾದದ್ದು 26 ದಿನ. ಹೆಚ್ಚು ಸರಿಯಾದ ಮುನ್ಸೂಚನೆಯೇ ಈ ಮನೆಗೆ ಕಡಿಮೆ ಉಪಯೋಗಕ್ಕೆ ಬಂತು!

ಪಕ್ಕದ ಮನೆಯವರ ಅಡಕೆ ಹೆಚ್ಚಿನದು ಸೋಲಾರ್ ಗೂಡಿನೊಳಗಿದೆ. ಹೊರಗಿರುವ ಸ್ವಲ್ಪಕ್ಕೆ ನಷ್ಟ 1,000, ಕೆಲಸದವರಿಗೆ ಕೊಡುವ 400 ಅಷ್ಟೇ ಇದೆ. ಇವರು ಮುನ್ಸೂಚನೆ ಇಲ್ಲದೆ ಹೊದೆಸುವುದೇ ಇಲ್ಲ, ಆರು ಸಲ ನೆನೆದು 6,000 ನಷ್ಟ. "ಅ"ಯಿಂದ ಇವರಿಗೆ 1,400 ಉಳಿದರೆ "ಆ"ದಿಂದ 1,600 ಉಳಿಯುತ್ತದೆ. ಒಂದೇ ಬೇಲಿಯ ಈಚೆ ಆಚೆ ಒಳ್ಳೆಯ ಮುನ್ಸೂಚನೆ ಬೇರೆ ಬೇರೆ. ಆದ್ದರಿಂದಲೇ ಸರಾಸರಿ ಲಾಭ ಎಂಬ ಒಂದೇ ಅಂಕಿಯನ್ನು ವರದಿಯ ತಲೆಯ ಮೇಲೆ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಖರ್ಚು ನಷ್ಟಗಳ ಅನುಪಾತದ ಮೇಲೆ ಮನೆಗಳನ್ನು ಗುಂಪು ಮಾಡಿ, ಗುಂಪಿಗೊಂದು ಅಂಕಿ ಕೊಡಿ.

"ಈ ಸೇವೆಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ?" ಎಂದು ಕೇಳಿ ಬೆಲೆ ಕಟ್ಟುವ ವಿಧಾನವೂ ಇದೆ. ಜಾಗ್ರತೆ ಬೇಕು. ಹತ್ತು ಎಕ್ರೆಯವರು ನೂರು ಎನ್ನುತ್ತಾರೆ, ಹತ್ತು ಸೆಂಟ್ಸಿನವರು ಐದು ಎನ್ನುತ್ತಾರೆ. ಅವರ ಅಗತ್ಯ ಕಡಿಮೆ ಎಂದು ಇದರ ಅರ್ಥ ಅಲ್ಲ, ಅವರ ಕಿಸೆ ಅಷ್ಟೇ. ಇದರ ಬದಲು ಎರಡು ಆಯ್ಕೆ ಮುಂದಿಡಿ: ಐದು ದಿನ ಮೊದಲೇ ಸಿಗುವ, ಆದರೆ ತಪ್ಪುವ ಸಾಧ್ಯತೆ ಹೆಚ್ಚಿರುವ ಮುನ್ಸೂಚನೆ ಬೇಕೋ, ಒಂದು ದಿನ ಮೊದಲು ಸಿಗುವ ಖಚಿತವಾದದ್ದು ಬೇಕೋ? ಮದ್ದು ಬಿಡುವವರನ್ನು ಗೊತ್ತುಮಾಡಲು ನಾಲ್ಕು ದಿನ ಬೇಕಾದವರು ಮೊದಲನೆಯದನ್ನು ಆರಿಸುತ್ತಾರೆ. ಅಂಗಳದ ಅಡಕೆಗೆ ಎರಡನೆಯದು ಸಾಕು.

ಏಳನೆಯ ಹೆಜ್ಜೆ: ಹೋಲಿಸಲು ಜೋಡಿ ಬೇಕು

ಮುನ್ಸೂಚನೆ ಕೇಳುವವರ ಇಳುವರಿ ಚೆನ್ನಾಗಿದೆ ಎಂದು ಕಂಡರೆ, ಅದು ಮುನ್ಸೂಚನೆಯ ಫಲವೋ? ಅಥವಾ ಸ್ಮಾರ್ಟ್‌ಫೋನ್, ನೀರಾವರಿ, ಕೂಲಿಗೆ ಕೈಯಲ್ಲಿ ಹಣ ಎಲ್ಲ ಇರುವವರೇ ಮುನ್ಸೂಚನೆಯನ್ನೂ ಕೇಳುತ್ತಾರೋ? ಇದನ್ನು ಬಿಡಿಸಲು ಒಂದು ನೇರ ದಾರಿ ಚೀಟಿ ಎತ್ತುವುದು. ಕೃಷಿಭವನದ ಪಟ್ಟಿಯಿಂದ ಹನ್ನೆರಡು ವಾರ್ಡು ಆರಿಸಿ, ಚೀಟಿ ಎತ್ತಿ ಆರು ವಾರ್ಡಿನವರಿಗೆ ಕನ್ನಡದಲ್ಲಿ ದಿನಾ ಸರಳ ಸಂದೇಶ ಕಳಿಸಿ, ಉಳಿದ ಆರಕ್ಕೆ ಮುಂದಿನ ವರ್ಷ ಕಳಿಸುವುದಾಗಿ ಹೇಳಿ. ಮನೆಮನೆಗೆ ಚೀಟಿ ಎತ್ತಿದರೆ ಸುದ್ದಿ ಬೇಲಿ ದಾಟುತ್ತದೆ, ವಾರ್ಡಿನ ಮಟ್ಟದಲ್ಲಿ ಎತ್ತುವುದೇ ಸರಿ. ಎರಡು ವಾರ್ಡಿನ ಅರುವತ್ತು ಅರುವತ್ತು ಮನೆಗಿಂತ ಹನ್ನೆರಡು ವಾರ್ಡಿನ ಹತ್ತು ಹತ್ತು ಮನೆ ಹೆಚ್ಚು ಹೇಳುತ್ತದೆ. ತೆಲಂಗಾಣದ 250 ಹಳ್ಳಿಗಳಲ್ಲಿ ಮುಂಗಾರು ಯಾವಾಗ ಹಿಡಿಯುತ್ತದೆ ಎಂಬ ದೀರ್ಘಾವಧಿ ಮುನ್ಸೂಚನೆಯನ್ನು ಅಳೆದದ್ದು ಇದೇ ಬಗೆಯಲ್ಲಿ. ಅಲ್ಲಿ ತಾವು ಎಣಿಸಿದ್ದಕ್ಕಿಂತ ಕೆಟ್ಟ ಸುದ್ದಿ ಕೇಳಿದವರು ಬಿತ್ತನೆಯ ನೆಲವನ್ನೇ ಕಡಿಮೆ ಮಾಡಿದರು. ಇಳುವರಿಯನ್ನು ಮಾತ್ರ ನೋಡಿದ್ದರೆ ಅದು ನಷ್ಟದಂತೆ ಕಾಣುತ್ತಿತ್ತು. ಬಿತ್ತದೆ ಉಳಿಸಿದ ಹಣವೂ ಲಾಭವೇ.

ಒಂದು ಗೆರೆ ದಾಟಬೇಡಿ: ಸಿಡಿಲು, ಚಂಡಮಾರುತ, ನೆರೆಯ ಎಚ್ಚರಿಕೆಯನ್ನು ಹೋಲಿಕೆಗಾಗಿ ಯಾರಿಂದಲೂ ತಡೆಹಿಡಿಯಬಾರದು. ಅಂಥದ್ದಕ್ಕೆ ಹಿಂದಿನ ಘಟನೆಗಳನ್ನೇ ನೋಡಬೇಕು. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ದಕ್ಷಿಣ ಕೇರಳ, ಕನ್ಯಾಕುಮಾರಿಯ ಅನೇಕ ಮೀನುಗಾರರು ದಿನಗಳ ಮೊದಲೇ ಆಳಕಡಲಿಗೆ ಹೋಗಿಯಾಗಿತ್ತು. ದಡದಲ್ಲಿ ಕೂಗಿದ ಎಚ್ಚರಿಕೆ ಅಲ್ಲಿಗೆ ಮುಟ್ಟಲಿಲ್ಲ. ಕಡಲಿಗೆ ಇಳಿಯಬೇಡಿ ಎಂದ ದಿನ ಗಾಳಿ ಬಾರದೆ ಹೋದರೆ ಆ ದಿನದ ದುಡಿಮೆ ಹೋಯಿತು, ಅದನ್ನೂ ಮುನ್ಸೂಚನೆಯ ಖರ್ಚಿನ ಕಲಮಿನಲ್ಲಿ ಬರೆಯಿರಿ. ಅಂಥ ದಿನಗಳು ಸೇರಿದಷ್ಟೂ ಮುಂದಿನ ಎಚ್ಚರಿಕೆಯನ್ನು ನಂಬುವುದು ಕಷ್ಟವಾಗುತ್ತದೆ. ಕಸಬಾ ಕಡಪ್ಪುರದಲ್ಲೋ ಮಂಜೇಶ್ವರದಲ್ಲೋ ಕೇಳುವಾಗ "ಕಳೆದ ಸಲ ಬೇಡ ಎಂದ ದಿನ ನೀವು ಹೋದಿರಾ?" ಎಂದು ಕೇಳಬೇಕಾಗುತ್ತದೆ. ಉತ್ತರದಿಂದ ಅವರಿಗೆ ತೊಂದರೆಯಾಗದಂತೆ ಹೆಸರು, ದೋಣಿ ನಂಬರ್ ಎರಡನ್ನೂ ಬರೆಯದೆ ಬಿಡಿ.

ಕೊನೆಗೆ, ತಿರುಗಿ ಜಗಲಿಗೆ

ವರದಿಯನ್ನು ಕಚೇರಿಗೆ ಕಳಿಸುವ ಮೊದಲು ಮಾತಾಡಿದವರಿಗೇ ಓದಿ ಹೇಳಿ. ಕನ್ನಡದಲ್ಲಿ, ಮಲಯಾಳದಲ್ಲಿ, ಅಂಕಿಗಳನ್ನು ಅಡಕೆ ಕಾಳಿನಲ್ಲಿ ನೆಲದ ಮೇಲೆ ಜೋಡಿಸಿಯಾದರೂ ಸರಿ. ಸರಪಳಿಯ ಕಾಗದವನ್ನು ಗೋಡೆಗೆ ಅಂಟಿಸಿ, ಎಷ್ಟು ಮಂದಿ ಎಲ್ಲಿ ಕಳಚಿದರು ಎಂದು ತೋರಿಸಿ, ತಪ್ಪಿದ್ದರೆ ತಿದ್ದಲು ಹೇಳಿ. ಹಾಗೆ ತೋರಿಸಿದಾಗ ಆ ಬದಿಯಡ್ಕದ ಕೃಷಿಕರು "ಸಾಧ್ಯವಾಯಿತು" ಎಂಬ ಕೊಂಡಿಯ ಮೇಲೆ ಬೆರಳಿಟ್ಟು ಹೇಳಿದ್ದು ಇಷ್ಟು: "ಮೆಸೇಜ್ ನಮಗೆ ಕಳಿಸಿ ಎಂತ ಮಾಡೂದು? ಮದ್ದು ಬಿಡುವವರಿಗೆ ಮೊದಲು ಕಳಿಸಿ. ಯಾವ ನಾಲ್ಕು ದಿನ ಬಿಸಿಲು ಅಂತ ಅವರಿಗೆ ಗೊತ್ತಾದ್ರೆ, ಯಾವ ತೋಟಕ್ಕೆ ಯಾವಾಗ ಅಂತ ಅವರೇ ಸಾಲು ಹಾಕ್ತಾರೆ."

ಮುಂದಿನ ಪತ್ತನಾಜೆಗೆ ಮೊದಲು ಮರ ಹತ್ತಿಯೋ ದೋಟಿ ಹಿಡಿದೋ ಮದ್ದು ಬಿಡುವ ಕೆಲಸದವರ ಫೋನ್ ನಂಬರುಗಳನ್ನು ವಾರ್ಡುವಾರು ಸೇರಿಸಿ, ಅವರ ಒಪ್ಪಿಗೆ ಪಡೆದು, ಆರು ವಾರ್ಡಿನವರಿಗೆ ಮುನ್ಸೂಚನೆಯನ್ನು ಕಳಿಸಿ ನೋಡಿ. ಪ್ರತಿ ತೋಟದಲ್ಲೂ ಎರಡನೆಯ ಸುತ್ತು ಯಾವ ದಿನ ಆಯಿತು ಎಂಬುದನ್ನು ಮಾತ್ರ ಬರೆದಿಟ್ಟರೆ ಸಾಕು.